ಊರು ಕೇಳಿ ಕಡಿದ ಕಾಯಿಲ್

ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವಾಗ ನಾನು ಒಂದು ಲೆಕ್ಕವನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ. ಒಂದು ಕರೆಂಟ್ ಒಲೆಯ ಮೇಲೆ ಇನ್ನೂರ ಮೂವತ್ತು ವೋಲ್ಟು, ಸಾವಿರ ವ್ಯಾಟು ಎಂದು ಬರೆದಿದೆ. ಅದು ಎಳೆಯುವ ಕರೆಂಟೆಷ್ಟು, ಅದರ ರೋಧ ಎಷ್ಟು ಎಂದು ಕೇಳುವ ಲೆಕ್ಕ. ಇಸ್ತ್ರಿ ಪೆಟ್ಟಿಗೆಯದು, ಬಲ್ಬಿನದು, ನೀರು ಕಾಯಿಸುವ ರಾಡಿನದು ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಒಲೆಯದು ಬಂದರೆ ಮಾತ್ರ, ಇದನ್ನು ಮನೆಯಲ್ಲಿ ಮಾಡಿಕೊಂಡು ಬನ್ನಿ ಎಂದು ಹಾಳೆ ತಿರುವುತ್ತಿದ್ದೆ. ಹೀಗೆ ಹದಿಮೂರು ವರ್ಷ ಕಳೆದೆ.

ಮಸ್ಕಿಯಲ್ಲಿ ನನಗೆ ಮೊದಲ ನೌಕರಿ ಸಿಕ್ಕಾಗ ಮೂವತ್ಮೂರು ವಯಸ್ಸು. ತವರು ಲಿಂಗಸುಗೂರು. ಮನೆಯವರು ಬೇರೆ ಜಿಲ್ಲೆಯಲ್ಲಿ ಕೆಲಸಕ್ಕಿದ್ದರು, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಊರಿನ ಅಂಚಿನಲ್ಲಿ, ನಾಲೆಯ ಕಡೆಗೆ, ಗೌಡರ ಮನೆತನದ ಒಬ್ಬ ಗೌಡಶಾನಿಯ ಮನೆಯ ಹಿಂಬದಿಯ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಅವರ ಗಂಡ ತೀರಿಕೊಂಡಿದ್ದರು, ಮಗಳನ್ನು ದೂರ ಕೊಟ್ಟಿದ್ದರು. ದಿನಾ ಮುಂಜಾನೆ ಹಣೆಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಆಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದವರು. ನನ್ನನ್ನು ಊರಿನ ವಾಡಿಕೆಯಂತೆ ‘ಅಕ್ಕೋರು’ ಎನ್ನುತ್ತಿದ್ದರು. ನಾನು ಅವರನ್ನು ಅವ್ವಾರೆ ಎನ್ನುತ್ತಿದ್ದೆ. ಕೋಣೆ ಚಿಕ್ಕದು, ಅದರ ಒಂದು ಗೋಡೆಗೆ ಹಲಗೆಯ ಗೂಡು ಹೊಡೆಸಿ ಅವರು ಹಳೆಯ ಸೀರೆಗಳಿಂದ ಹೊಲಿದ ತಮ್ಮ ಕೌದಿಗಳನ್ನು ಅಲ್ಲೇ ಇಟ್ಟಿದ್ದರು. ಬಾಡಿಗೆ ಮಾತಾಡುವಾಗಲೇ, “ಕೌದಿ ಅಲ್ಲೇ ಇರ್ತಾವ ನೋಡ್ರಿ, ಅವು ನಮ್ಮವ್ವ ಹೊಲದಾವು” ಎಂದು ಹೇಳಿದ್ದರು.

ನನ್ನ ಗ್ಯಾಸ್ ಇನ್ನೂ ಲಿಂಗಸುಗೂರಿನ ವಿಳಾಸದಲ್ಲಿತ್ತು. ಅದನ್ನು ಬದಲಿಸಿಕೊಳ್ಳುವವರೆಗೆ ಇರಲಿ ಎಂದು ಒಂದು ಕರೆಂಟ್ ಒಲೆ ತಂದುಕೊಂಡೆ. ಮಣ್ಣಿನ ಬಿಲ್ಲೆಯಲ್ಲಿ ಸುರುಳಿ ಗೆರೆ ಕೊರೆದು, ಅದರೊಳಗೆ ಕಾಯಿಲ್ ಕೂರಿಸಿದ ಸಾದಾ ಒಲೆ. ಮೊದಲ ವಾರವೇ ಗೊತ್ತಾಯಿತು, ಮಸ್ಕಿಯ ಆ ಅಂಚಿನಲ್ಲಿ ಅದು ಒಲೆಯಾಗಿ ಉಪಯೋಗಕ್ಕೆ ಬರುವುದಿಲ್ಲ ಎಂದು. ಮುಂಜಾನೆ ಒಂದು ತಾಸು, ಸಂಜೆ ಪೂರ್ತಿ, ಹೊಲಗಳ ಮೋಟಾರುಗಳೆಲ್ಲ ಚಾಲೂ ಆದರೆ ಕಾಯಿಲ್ ಬರೀ ಕುಂಕುಮದ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ರೊಟ್ಟಿ ಹಂಚಿನ ಮೇಲೆ ಒಣಗುತ್ತಿತ್ತೇ ಹೊರತು ಉಬ್ಬುತ್ತಿರಲಿಲ್ಲ. ಬೇಳೆ ಇಟ್ಟು ಸ್ನಾನ ಮುಗಿಸಿ, ಜಡೆ ಹಾಕಿಕೊಂಡು, ಪಾಠದ ಟಿಪ್ಪಣಿ ಬರೆದರೂ ಕುಕ್ಕರು ಸೀಟಿ ಹೊಡೆಯುತ್ತಿರಲಿಲ್ಲ. ಗೌಡಶಾನಿಯವರ ಫ್ರಿಜ್ಜಿನ ಪಕ್ಕದಲ್ಲಿ ಮುಳ್ಳಿನ ಮೀಟರಿದ್ದ ಸ್ಟೆಬಿಲೈಜರ್ ಇತ್ತು. ಸಂಜೆ ಹೋಗಿ ನೋಡಿದರೆ ಮುಳ್ಳು ನೂರ ಎಪ್ಪತ್ತರ ಮೇಲೆ ನಿಂತಿರುತ್ತಿತ್ತು.

ಇದಕ್ಕೆ ಉಪಾಯ ಕಂಡುಕೊಂಡದ್ದು ಲಿಂಗಸುಗೂರಿನ ಸಂತೆಯಲ್ಲಿ. ಅಲ್ಲಿ ಒಬ್ಬ ಮುದುಕ ಗೋಣಿತಟ್ಟು ಹಾಸಿಕೊಂಡು ಕಾಯಿಲ್ ಮಾರುತ್ತಿದ್ದ. ಬಳೆಗಾರ ಬಳೆ ಪೋಣಿಸಿಕೊಳ್ಳುವಂತೆ ಒಂದು ಕೋಲಿಗೆ ಕಾಯಿಲ್‌ಗಳನ್ನು ನೇತು ಹಾಕಿಕೊಂಡು, ಕೈಯಲ್ಲಿ ಇಕ್ಕಳ ಹಿಡಿದು ಕೂತಿರುತ್ತಿದ್ದ. ಅವನ ವ್ಯಾಪಾರದ ರೀತಿಯೇ ಬೇರೆ. ಗಿರಾಕಿ ಬಂದರೆ ಮೊದಲು ಊರು ಕೇಳುತ್ತಿದ್ದ.

“ಯಾವೂರಿಗೆ ಬೇಕವ್ವಾ?”

“ಮಸ್ಕಿಗೆ.”

“ನಡು ಊರಿಗೋ, ಅಂಚಿಗೋ?”

“ಅಂಚಿಗೆ. ನಾಲಾದ ಕಡೆ.”

“ಹಂಗಾರ ಅರ್ಧಕ್ಕ ಜರಾ ಮ್ಯಾಲ ಇಟ್ಟು ಕಡೀತೀನಿ.” ಹೀಗೆನ್ನುತ್ತ ಕಾಯಿಲ್ ಅನ್ನು ತೊಡೆಯ ಮೇಲಿಟ್ಟು ಗೇಣಿನಿಂದ ಅಳೆಯತೊಡಗಿದ. “ಸಿಂಧನೂರು ಪ್ಯಾಟಿಗಾದ್ರ ಪೂರಾ ಕೊಡ್ತೀನಿ. ಗೊರೇಬಾಳಕ್ಕ ನಾಕು ಬಟ್ಟು ಕಮ್ಮಿ. ಜವಳಗೇರಾ ಕಡೀ ಓಣಿಗೆ ಒಂದು ಗೇಣು ಕಮ್ಮಿ. ನಿಮ್ಮ ಅಂಚಿನ್ಯಾಗ ಸಂಜೀ ಆತಂದ್ರ ಕರೆಂಟು ನಡದು ಬರಾಂಗಿಲ್ಲ, ತೆವಳಿಕೋತ ಬರತೈತಿ.”

ಪಕ್ಕದಲ್ಲಿ ನಿಂತಿದ್ದ ಹೆಂಗಸು, “ನಮ್ಮ ಮುಕ್ಕುಂದಕ್ಕ ಎಷ್ಟು ಕಡೀತಿ ಮುತ್ಯಾ?” ಎಂದು ಕೇಳಿದಳು.

“ನಿಮ್ಮೂರಿಗೇನು ಕಡಿಯೂದು ಬೇ, ಕಟಗಿ ಒಯ್ಯಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಿಜ್ಞಾನ ಕಲಿಸುವವಳು ನಾನು. ಮುದುಕನ ಗೇಣನ್ನು ನಂಬಿ ಸುಮ್ಮನೆ ಇರಲಾಗಲಿಲ್ಲ. ಕೋಣೆಗೆ ಬಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಪೂರ್ತಿ ಕಾಯಿಲ್ ಇನ್ನೂರ ಮೂವತ್ತು ವೋಲ್ಟಿನಲ್ಲಿ ಸಾವಿರ ವ್ಯಾಟು ಕೊಡುತ್ತದೆ ಎಂದರೆ ಅದು ಎಳೆಯುವುದು ನಾಲ್ಕು ಆಂಪಿಯರ್ ಚಿಲ್ಲರೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಐವತ್ಮೂರು ಓಮ್. ಅದೇ ಕಾಯಿಲಿಗೆ ನೂರ ಎಪ್ಪತ್ತೇ ವೋಲ್ಟು ಬಂದರೆ ಕರೆಂಟು ಮೂರು ಆಂಪಿಯರಿಗೆ ಇಳಿಯುತ್ತದೆ, ಶಕ್ತಿ ಐನೂರ ನಲವತ್ತರ ಆಸುಪಾಸು. ರೊಟ್ಟಿ ಉಬ್ಬದಿರಲು ಕಾರಣ ಅಲ್ಲಿಯೇ ಇತ್ತು. ಮುದುಕ ಅರ್ಧಕ್ಕಿಂತ ತುಸು ಹೆಚ್ಚು ಉಳಿಸಿದ್ದ. ಕಾಯಿಲ್ ಗಿಡ್ಡವಾದಷ್ಟೂ ರೋಧ ಕಡಿಮೆ; ಅಂದರೆ ಈಗ ರೋಧ ಹೆಚ್ಚುಕಡಿಮೆ ಮೂವತ್ತು. ನೂರ ಎಪ್ಪತ್ತನ್ನು ಮೂವತ್ತರಿಂದ ಭಾಗಿಸಿದೆ, ಐದೂವರೆಗಿಂತ ಸ್ವಲ್ಪ ಮೇಲೆ ಬಂತು. ಶಕ್ತಿ ಮತ್ತೆ ಸಾವಿರದ ಹತ್ತಿರ. ಗೇಣಿನಿಂದ ಅಳೆದ ಮುದುಕ ಓಮನ ನಿಯಮವನ್ನು ನನಗಿಂತ ಚೆನ್ನಾಗಿ ಬಲ್ಲ ಎಂದು ಖುಷಿಯಾಯಿತು. ಮರುದಿನ ತರಗತಿಯಲ್ಲಿ, ಒಲೆ ನನ್ನದೆಂದು ಹೇಳದೆ, ಇದನ್ನೇ ಉದಾಹರಣೆಯಾಗಿ ಹೇಳಿದ್ದೂ ಉಂಟು.

ಪ್ಲಗ್ಗಿನ ಮೇಲೆ ಐದು ಆಂಪಿಯರ್ ಎಂದು ಬರೆದಿತ್ತು. ಅರ್ಧ ಆಂಪಿಯರ್ ಹೆಚ್ಚಾದರೆ ಏನಾಗುತ್ತದೆ ಬಿಡು ಎಂದುಕೊಂಡು, ಹಳೆಯ ಕಾಯಿಲ್ ಬಿಚ್ಚಿ ಇದನ್ನು ಒಲೆಗೆ ಕೂರಿಸಿದೆ. ವೋಲ್ಟೇಜು ಸರಿಹೋದ ದಿನ ಇದೇ ಕಾಯಿಲ್ ಎಷ್ಟು ಎಳೆಯಬಹುದು ಎಂಬ ಸಾಲನ್ನು ಆ ಕ್ಯಾಲೆಂಡರಿನ ಮೇಲೆ ಬರೆಯಲೇ ಇಲ್ಲ. ಜಾಗ ಬೇಕಾದಷ್ಟಿತ್ತು.

ಆ ಮನೆಗೆ ವೈರಿಂಗ್ ಮಾಡಿದವನು ಊರಿನವನೇ ಆದ ಒಬ್ಬ ವೈರ್‌ಮನ್. ನನಗಿಂತ ನಾಲ್ಕೈದು ವರ್ಷ ಚಿಕ್ಕವನಿದ್ದಾನು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಯಾರದೋ ಕೈಕೆಳಗೆ ಗೋಡೆ ಕೊರೆಯುತ್ತ ಕಲಿತವನು. ಫ್ಯಾನಿನ ರೆಗ್ಯುಲೇಟರು ಕೆಟ್ಟಾಗ ಬಂದಿದ್ದ. ಕೆಲಸ ಮುಗಿಸಿ, ತಂತಿಯ ಮೇಲೆ ಮುಂಗೈಯ ಹಿಂಬದಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

“ಏನು ನೋಡುತ್ತೀರಿ?” ಎಂದೆ.

“ಬಿಸಿ ನೋಡಾಕತ್ತೀನ್ರೀ. ತಂತಿ ಕೈಗೆ ಗೊತ್ತಾಗಬಾರದು. ಗೊತ್ತಾತಂದ್ರ ಅದು ಭಾರ ಹೊರಾಕತ್ತೈತಿ ಅಂತ.” ಆಮೇಲೆ ಸ್ವಲ್ಪ ಸಂಕೋಚದಿಂದ, “ಇದಕ್ಕ ಲೆಕ್ಕ ಇರ್ತಾವಂತಲ್ರೀ ಅಕ್ಕೋರೇ. ನಾವು ಬರೇ ಕೈ ಮ್ಯಾಲ ಹೋಗೋರು” ಎಂದ.

ಅವನಿಗೆ ಒಂದು ಲಗ್ನಪತ್ರಿಕೆಯ ಹಿಂದೆ ಲೆಕ್ಕ ಬರೆದುಕೊಟ್ಟೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್. ಎರಡು ಮೂರು ಸಲ ತಾನೇ ಮಾಡಿ ನೋಡಿದ. ಹಾಳೆ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, “ಇದು ಖರೇ ಆತ್ರೀ. ಕೈ ಸುಳ್ಳು ಹೇಳಬಹುದು, ಲೆಕ್ಕ ಹೇಳಾಂಗಿಲ್ಲ” ಎಂದ. ಅವನಿಗೆ ಆಗ ಒಂದು ದೊಡ್ಡ ಕೆಲಸ ಮಾತಾಗಿತ್ತು. ಗೌಡಶಾನಿಯವರ ತಮ್ಮ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಎಂಟು ಅಂಗಡಿಗಳ ಸಾಲು ಕಟ್ಟಿಸುತ್ತಿದ್ದರು. ಅದರ ಪೂರ್ತಿ ವೈರಿಂಗು ಇವನಿಗೇ ಎಂದು ಹೇಳಿದ್ದರು. ಅದೊಂದು ಆದರೆ ಊರಿನಲ್ಲಿ ತನ್ನ ಹೆಸರು ನಿಲ್ಲುತ್ತದೆ, ಆಮೇಲೆ ಇನ್ನೊಬ್ಬರ ಕೈಕೆಳಗೆ ಹೋಗುವುದು ತಪ್ಪುತ್ತದೆ ಎಂದು ಅವನೇ ಹೇಳಿಕೊಂಡಿದ್ದ.

ಕೆಲವು ತಿಂಗಳಾದ ಮೇಲೆ ನಮ್ಮ ಓಣಿಗೆ ಹೊಸ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕೂರಿಸಿದರು. ಕಂಬದ ಮೇಲೆ ಆ ದೊಡ್ಡ ಡಬ್ಬ ಏರಿದ ದಿನ ಹೆಂಗಸರೆಲ್ಲ ಹೊರಗೆ ಬಂದು ನೋಡಿದರು. ಟ್ಯೂಬ್‌ಲೈಟು ಕಣ್ಣು ಪಿಳುಕಿಸದೆ ಹತ್ತಿಕೊಂಡಿತು. ಸ್ಟೆಬಿಲೈಜರಿನ ಮುಳ್ಳು ಇನ್ನೂರ ನಲವತ್ತಕ್ಕೆ ಹೋಗಿ ನಿಂತಿತು. ನನ್ನ ಒಲೆಯ ಕಾಯಿಲ್ ಈಗ ಕುಂಕುಮ ದಾಟಿ, ಕಿತ್ತಳೆ ದಾಟಿ, ಅರಿಸಿನದ ಬಣ್ಣಕ್ಕೆ ಬರುತ್ತಿತ್ತು. ರೊಟ್ಟಿ ಹಾಕುತ್ತಿದ್ದಂತೆ ಪೂರಿಯ ಹಾಗೆ ಉಬ್ಬುತ್ತಿತ್ತು. ಗೌಡಶಾನಿಯವರಿಗೆ ಒಂದು ಬಿಸಿ ರೊಟ್ಟಿ ಕೊಟ್ಟು, ನೋಡಿ ಅವ್ವಾರೆ, ಕರೆಂಟಿನ ರೊಟ್ಟಿ ಎಂದೆ. “ಕಟಗಿ ರೊಟ್ಟಿ ರುಚಿ ಇದಕ್ಕೆಲ್ಲಿ ಬರತೈತಿ, ಆದ್ರೂ ಮೆತ್ತಗೈತಿ” ಎಂದು ತಿಂದರು. ಪ್ಲಗ್ಗಿನ ಹತ್ತಿರ ಒಂದು ಬಗೆಯ ವಾಸನೆ ಬರುತ್ತಿತ್ತು. ಹೊಸ ಪ್ಲಾಸ್ಟಿಕ್ ಬೊಂಬೆಯನ್ನು ಬಿಸಿಲಿಗಿಟ್ಟಂಥ ವಾಸನೆ. ಅದು ಹಿಟ್ಟು ಸೀದ ವಾಸನೆ ಎಂದುಕೊಂಡೆ.

ಹನ್ನೆರಡು ದಿನ ಹಾಗೆ ನಡೆಯಿತು. ಒಂದು ಗುರುವಾರ ಮುಂಜಾನೆ ಒಲೆಯ ಮೇಲೆ ಬೇಳೆ ಇಟ್ಟು, ನೀರು ಬಿಟ್ಟಿದ್ದಾರೆಂದು ಅಂಗಳದ ನಲ್ಲಿಗೆ ಹೋದೆ. ಮೂರು ಕೊಡ ತುಂಬುವಷ್ಟು ಹೊತ್ತು. ಗೌಡಶಾನಿಯವರು ಒಳಗಿನಿಂದ, “ಏನೋ ಸುಡಾಕತ್ತೈತಲ್ರೀ ಅಕ್ಕೋರೇ” ಎಂದರು. ಬಂದು ನೋಡಿದರೆ ಪ್ಲಗ್ಗು ಕರಗಿ ಗೋಡೆಯ ಮೇಲೆ ಇಳಿದಿತ್ತು. ಹಿಂದಿನ ಕಟ್ಟಿಗೆಯ ಬೋರ್ಡು ಉರಿಯುತ್ತ ಪಕ್ಕದ ಹಲಗೆಗೆ ಹತ್ತಿಕೊಂಡು, ಕೌದಿಗಳಿಗೆ ತಗುಲಿತ್ತು. ಅವರು ಓಡಿಹೋಗಿ ಮೇನ್ ಇಳಿಸಿದರು. ನಾನು ತುಂಬಿ ತಂದ ಕೊಡಗಳನ್ನೇ ಸುರಿದೆ. ಯಾರಿಗೂ ಏನೂ ಆಗಲಿಲ್ಲ. ಗೋಡೆ ಕರಿ ಹಿಡಿದು, ಮೂರು ಕೌದಿ ಸುಟ್ಟವು. ಗೌಡಶಾನಿಯವರು ಅಳಲಿಲ್ಲ. ಒದ್ದೆ ಚಿಂದಿಗಳನ್ನು ಅಂಗಳದಲ್ಲಿ ಹರವಿ, ಹೊಲಿಗೆಯ ಸಾಲು ಉಳಿದ ಕಡೆಯೆಲ್ಲ ಬೆರಳು ಆಡಿಸುತ್ತ ಕೂತರು. “ಇದು ಅವ್ವನ ಧಾರೆ ಸೀರಿ” ಎಂದು ಒಂದು ತುಂಡನ್ನು ತೋರಿಸಿದರು.

ಸಂಜೆ ಅವರ ತಮ್ಮ ಬಂದರು. ವೈರ್‌ಮನ್ನನ್ನೂ ಕರೆಸಿದ್ದರು. ಅಂಗಳದಲ್ಲಿ ಅವರು ಕುರ್ಚಿಯ ಮೇಲೆ, ಗೌಡಶಾನಿಯವರು ಕಟ್ಟೆಯ ಮೇಲೆ, ನಾನು ಬಾಗಿಲ ಬಳಿ. ವೈರ್‌ಮನ್ ನಿಂತೇ ಇದ್ದ. ಸುಟ್ಟ ಬೋರ್ಡನ್ನು ಕೈಯಲ್ಲಿ ತಿರುವಿ ತಿರುವಿ ನೋಡುತ್ತಿದ್ದ.

“ಎಂಥಾ ಮಾಲು ಹಾಕೀಲೇ?” ಎಂದರು ತಮ್ಮ. “ಅಸಲಿದೋ, ನಕಲಿದೋ?”

“ಅಸಲಿದ ಹಾಕೀನ್ರೀ ಗೌಡ್ರೇ. ನೀವ ಅಂಗಡಿಗೆ ಬಂದಿದ್ರಲ್ಲ.”

“ನಾ ಬಂದಾಗಿನ ಮಾಲು ಬ್ಯಾರೆ, ಗ್ವಾಡಿಗೆ ಹತ್ತಿದ ಮಾಲು ಬ್ಯಾರೆ ಇರಬೇಕು. ಒಂದು ಸಣ್ಣ ಒಲಿ ತಡೀಲಿಲ್ಲ ಅಂದ್ರ ನಾಳೆ ನನ್ನ ಎಂಟು ಅಂಗಡಿ ಸುಡ್ತೀ ನೀ.”

“ಒಲಿ ಜಾಸ್ತಿ ಎಳದಿರಬೇಕ್ರೀ.”

“ಅಕ್ಕೋರು ಭಟ್ಟಿ ಇಟ್ಟಿದ್ರೇನು?”

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. “ನೀವ ಹೇಳ್ರೀ ಅಕ್ಕೋರೇ. ನಿಮ್ಮ ಒಲಿ ಎಷ್ಟು ಆಂಪು ಎಳೀತೈತಿ, ಲೆಕ್ಕ ಹಾಕಿ ಹೇಳ್ರಿ. ಲೆಕ್ಕದಾಗ ಏನು ಬರತೈತಿ ಅದು. ನಾ ಒಪ್ಗೋತೀನಿ.”

ಗೌಡಶಾನಿಯವರು ಒಳಗಿನಿಂದ ಪೆನ್ನು ತಂದುಕೊಟ್ಟರು. ಒಲೆಯ ಖಾಲಿ ಡಬ್ಬಿ ನನ್ನ ಕೋಣೆಯಲ್ಲೇ ಇತ್ತು. ಅದರ ಮೇಲೆ ಸಾವಿರ ವ್ಯಾಟು, ಇನ್ನೂರ ಮೂವತ್ತು ವೋಲ್ಟು ಎಂದು ಅಚ್ಚಾಗಿತ್ತು. ಅವರೆಲ್ಲರಿಗೂ ಕಾಣುವಂತೆ ಆ ಡಬ್ಬಿಯ ಮೇಲೆಯೇ ಬರೆದೆ. ಸಾವಿರವನ್ನು ಇನ್ನೂರ ಮೂವತ್ತರಿಂದ ಭಾಗಿಸಿದರೆ ನಾಲ್ಕು ಪಾಯಿಂಟ್ ಮೂರು. ಬರೆಯುತ್ತಿರುವಾಗಲೇ ನನಗೆ ಮುದುಕನ ಇಕ್ಕಳ ಕಣ್ಣಿಗೆ ಕಟ್ಟಿತ್ತು. ಈ ಒಲೆಯೊಳಗಿದ್ದದ್ದು ಡಬ್ಬಿಯ ಕಾಯಿಲ್ ಅಲ್ಲವೆಂದು ನನಗೆ ಗೊತ್ತಿತ್ತು. ಇನ್ನೂರ ನಲವತ್ತನ್ನು ಮೂವತ್ತರಿಂದ ಭಾಗಿಸಿದರೆ ಎಂಟು. ಅದಕ್ಕೆ ಪೆನ್ನೂ ಬೇಕಿರಲಿಲ್ಲ. ಎಂಟನ್ನು ಇನ್ನೂರ ನಲವತ್ತರಿಂದ ಗುಣಿಸಿದರೆ ಹತ್ತೊಂಬತ್ತು ನೂರ ಇಪ್ಪತ್ತು ವ್ಯಾಟು. ಐದು ಆಂಪಿಯರಿನ ಪ್ಲಗ್ಗಿನಲ್ಲಿ ಹನ್ನೆರಡು ದಿನ ಎಂಟು ಆಂಪಿಯರ್ ಹರಿಸಿದ್ದೆ. ಫ್ಯೂಜು ಎಂಟಕ್ಕೆಲ್ಲ ಬೇಗ ಕರಗುವುದಿಲ್ಲ. ಅದಕ್ಕಿಂತ ಮೊದಲು ಪ್ಲಗ್ಗು ಕರಗುತ್ತದೆ. ಎಲ್ಲವೂ ಸಾಲಾಗಿ ತಲೆಯಲ್ಲಿ ಬಂದು ನಿಂತಿತು.

ಒಂದು ಕಡೆ ಆ ಕೌದಿಯ ಚಿಂದಿಗಳು ಹಗ್ಗದ ಮೇಲೆ ಒಣಗುತ್ತಿದ್ದವು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ವಿಜ್ಞಾನದ ಅಕ್ಕೋರು ಸಂತೆಯಲ್ಲಿ ಕಾಯಿಲ್ ಕಡಿಸಿ ಮನೆ ಸುಟ್ಟರು ಎಂಬ ಮಾತು ಊರಿನಲ್ಲಿ ಹೇಗೆ ತಿರುಗುತ್ತದೆ ಎಂದು ಯೋಚಿಸಿದೆ. ಇವೆಲ್ಲ ಕಾರಣಗಳು; ಆ ಹೊತ್ತಿಗೆ ಇಷ್ಟು ಬಿಡಿಬಿಡಿಯಾಗಿ ಹೊಳೆದಿರಲೂ ಇಲ್ಲ. ಬಾಯಿಗೆ ಬಂದದ್ದು ಇಷ್ಟೇ: “ನಾಲ್ಕು ಪಾಯಿಂಟ್ ಮೂರು ಆಗುತ್ತದೆ. ಐದರ ಒಳಗೇ.”

“ಹಂಗಾರ ಪ್ಲಗ್ಗು ತಡೀಬೇಕಾಗಿತ್ತು?” ಎಂದರು ತಮ್ಮ.

“ತಡೆಯಬೇಕಾಗಿತ್ತು.”

ವೈರ್‌ಮನ್ ಡಬ್ಬಿಯನ್ನು ಕೈಗೆ ತೆಗೆದುಕೊಂಡ. ನಾನು ಬರೆದದ್ದನ್ನು ತುಟಿ ಆಡಿಸುತ್ತ ಮತ್ತೊಮ್ಮೆ ಭಾಗಿಸಿ ನೋಡಿದ. ನಾನೇ ಕಲಿಸಿದ್ದೆನಲ್ಲ. ಉತ್ತರ ಸರಿಯಾಗಿಯೇ ಬಂತು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, “ಲೆಕ್ಕ ಬರೋಬ್ಬರಿ ಐತ್ರೀ” ಎಂದ. ಗೋಡೆಯನ್ನು ತಾನೇ ಬಿಳಿ ಮಾಡಿಸಿಕೊಡುತ್ತೇನೆಂದು ಹೇಳಿ ಹೋದ. ಅಂಗಡಿಗಳ ಕೆಲಸದ ಬಗ್ಗೆ ತಮ್ಮ, “ಸೋಮವಾರ ನೋಡೂಣು” ಎಂದರು. ಅಂದರೆ ನನಗೆ ಇನ್ನೂ ಮೂರು ದಿನವಿತ್ತು.

ಶನಿವಾರ ಶಾಲೆ ಅರ್ಧ ದಿನ. ಮಕ್ಕಳು ಹೋದ ಮೇಲೆ, ಒಲೆಯಿಂದ ಬಿಚ್ಚಿ ತಂದಿದ್ದ ಆ ಕಾಯಿಲ್ ಅನ್ನು ಚೀಲದಿಂದ ತೆಗೆದು ಪ್ರಯೋಗಾಲಯದ ಮೇಜಿನ ಮೇಲಿಟ್ಟೆ. ಮನಸ್ಸಿನಲ್ಲಿ ಒಂದು ಸಣ್ಣ ಆಸೆ. ಮುದುಕನ ಗೇಣು ಉದ್ದವಿದ್ದೀತು, ನಾನು ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ಉಳಿಸಿದ್ದಾನು, ರೋಧ ನಲವತ್ತೈದೋ ಐವತ್ತೋ ಇದ್ದೀತು ಎಂದು. ಆರು ವೋಲ್ಟಿನ ಬ್ಯಾಟರಿಗೆ ಜೋಡಿಸಿದೆ. ಆಮ್ಮೀಟರಿನ ಮುಳ್ಳು ಸೊನ್ನೆ ಪಾಯಿಂಟ್ ಎರಡಕ್ಕೆ ಹೋಗಿ ನಿಂತಿತು. ಆರನ್ನು ಸೊನ್ನೆ ಪಾಯಿಂಟ್ ಎರಡರಿಂದ ಭಾಗಿಸಿದರೆ ಮೂವತ್ತು. ತಂತಿ ಬಿಚ್ಚಿ, ತುದಿಗಳನ್ನು ಉಜ್ಜಿ, ಮೂರು ವೋಲ್ಟಿಗೆ ಜೋಡಿಸಿದೆ. ಸೊನ್ನೆ ಪಾಯಿಂಟ್ ಒಂದು. ಮತ್ತೆ ಮೂವತ್ತೇ. ಮೀಟರು ಬದಲಿಸಿದೆ. ಮುಳ್ಳು ಅಲ್ಲಿಗೇ ಹೋಯಿತು.

ಅಲ್ಲಿಂದ ಗೌಡರ ಅಂಗಡಿಗಳ ಸಾಲಿಗೆ ಐದು ನಿಮಿಷದ ದಾರಿ. ಹೋಗಲಿಲ್ಲ. ಭಾನುವಾರ ಲಿಂಗಸುಗೂರಿಗೆ ಹೋಗಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಂದೆ. ಸೋಮವಾರ ಸಂಜೆ ಶಾಲೆಯಿಂದ ಬರುವಾಗ ಸಿಂಧನೂರಿನಿಂದ ಬಂದ ಬೇರೆ ವೈರ್‌ಮನ್ ಆ ಅಂಗಡಿಗಳ ಗೋಡೆಗೆ ದಾರ ಹಿಡಿದು ಗೆರೆ ಹೊಡೆಯುತ್ತಿದ್ದ.

ಊರಿನಲ್ಲಿ ಮಾತು ಹಬ್ಬಲು ಹೆಚ್ಚು ದಿನ ಹಿಡಿಯಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಒಬ್ಬಳು, “ಆಂವ ಹಾಕಿದ ವೈರು ಸುಡತಾವಂತ” ಎಂದದ್ದನ್ನು ನಾನೇ ಕೇಳಿದೆ. ಜೋಳದ ಚೀಲ ಕೆಳಗಿಟ್ಟು, ಸರದಿಗೆ ನಿಂತೆ. ಆರು ತಿಂಗಳಲ್ಲಿ ಅವನು ಮಸ್ಕಿ ಬಿಟ್ಟನೆಂದು ಗೊತ್ತಾಯಿತು. ಮಂದಿ ಕೆಲಸ ಕೊಡಲಿಲ್ಲ, ಅದಕ್ಕೇ ಹೋದ ಎಂದು ತಿಳಿದುಕೊಂಡೆ. ನಾನೂ ಮುಂದೆ ವರ್ಗವಾಗಿ ಸಿಂಧನೂರಿಗೆ ಬಂದೆ. ಮನೆಯವರಿಗೂ ಇಲ್ಲಿಗೇ ವರ್ಗ ಸಿಕ್ಕಿತು. ಗ್ಯಾಸು ಬಂತು. ಕರೆಂಟ್ ಒಲೆಯನ್ನು ಮತ್ತೆ ಮನೆಗೆ ತರಲಿಲ್ಲ.

ಹೋದ ಸುಗ್ಗಿಯಲ್ಲಿ ವರ್ಷದ ಅಕ್ಕಿ ತರಲೆಂದು ಜವಳಗೇರಾದ ಕಡೆಯ ಒಂದು ಅಕ್ಕಿ ಗಿರಣಿಗೆ ಹೋಗಿದ್ದೆವು. ತೂಕದ ಕಾಟಾದ ಹತ್ತಿರ ಚೀಲ ಹೊಲಿಯುತ್ತ ಕೂತಿದ್ದವನು ನನ್ನನ್ನೇ ನೋಡಿ ಎದ್ದು ಬಂದ. ಮೈಯೆಲ್ಲ ತೌಡಿನ ಪುಡಿ. ತಲೆಗೂದಲು ಅರ್ಧ ನೆರೆತಿತ್ತು.

“ಮಸ್ಕಿ ಅಕ್ಕೋರಲ್ರೀ?”

ಗುರುತು ಸಿಕ್ಕಿತು. ಆರಾಮ ಇದ್ದೀರಾ, ಮಕ್ಕಳೆಷ್ಟು ಎಂದೆಲ್ಲ ಕೇಳಿದೆ. ಅಲ್ಲೇ ಹತ್ತಿರ ಮನೆ ಮಾಡಿಕೊಂಡಿದ್ದಾನೆ, ಎರಡು ಮಕ್ಕಳು. ಗಿರಣಿಯ ಮೋಟಾರು, ಸ್ಟಾರ್ಟರು ನೀವೇ ನೋಡಿಕೊಳ್ಳುತ್ತೀರೇನು ಎಂದು ಕೇಳಿದೆ.

“ಇಲ್ರೀ. ಕರೆಂಟಿನ ಕೆಲಸ ಬಿಟ್ಟು ಭಾಳ ದಿನ ಆತು. ಚೀಲ ಹೊಲೀತೀನಿ, ತೂಕ ಹಚ್ಚತೀನಿ. ನಮ್ಮ ಕೈ ಸರಿ ಇಲ್ರೀ ಅದಕ್ಕ.”

ಮನೆಯವರು ಕರೆದರು. ನಾನು ಬರುತ್ತೇನೆಂದು ಹೇಳಿ ಗಾಡಿ ಹತ್ತಿದೆ. ಅಕ್ಕಿ ಮನೆಗೆ ಬಂತು, ಡ್ರಮ್ಮಿಗೆ ಸುರಿದು ಬೇವಿನ ಎಲೆ ಹಾಕಿದೆ. ಕೈ ಸರಿ ಇಲ್ಲ ಎಂದರೆ ಏನು ಎಂದು ಆ ವಾರವೆಲ್ಲ ಯೋಚಿಸಿದೆ.

ಮೊದಲು ಮಸ್ಕಿಗೆ ಹೋದೆ. ಗೌಡಶಾನಿಯವರಿಗೆ ಈಗ ಕಣ್ಣು ಮಂಜು. ಅವರ ತಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಡಿದ ಕಾಯಿಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ತಪ್ಪು ನನ್ನದು, ಅವನದಲ್ಲ ಎಂದೆ.

“ಯಾವ ವೈರ್‌ಮನ್ನವ್ವ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹಾಂ, ಆ ಸಣ್ಣಾಂವ. ಅವಂದೇನು? ಕೌದಿ ಮಾತ್ರ ನೆನಪದಾವ ನನಗ. ಮೂರು ಕೌದಿ” ಎಂದು ಬೆರಳು ತೋರಿಸಿದರು. ಮಜ್ಜಿಗೆ ಕೊಟ್ಟರು. ಉಪ್ಪು ಸಾಕೇ ಎಂದು ಕೇಳಿದರು. ನಾನು ತಂದ ಮಾತನ್ನು ಇಳಿಸಿ ಬರಲು ಮಸ್ಕಿಯಲ್ಲಿ ಯಾರೂ ಉಳಿದಿರಲಿಲ್ಲ.

ಮರುವಾರ ಒಬ್ಬಳೇ ಬಸ್ಸು ಹತ್ತಿ ಗಿರಣಿಗೆ ಹೋದೆ. ಮಧ್ಯಾಹ್ನದ ಊಟದ ಬಿಡುವು. ನನ್ನನ್ನು ಕಂಡು ಅವನಿಗೆ ಸಂತೋಷವಾಯಿತು. ಗೇಟಿನ ಎದುರಿನ ಡಬ್ಬಿ ಅಂಗಡಿಯಲ್ಲಿ ಎರಡು ಚಹಾ ಹೇಳಿ, ಬೆಂಚಿನ ಮೇಲಿನ ತೌಡನ್ನು ತನ್ನ ಟವೆಲ್ಲಿನಿಂದ ಝಾಡಿಸಿದ. “ಕೂಡ್ರಿ. ಅಕ್ಕಿ ಚಲೋ ಇದ್ದಾವಿಲ್ರೀ?”

“ಅಕ್ಕಿಗೆ ಬಂದಿಲ್ಲ. ಒಂದು ಲೆಕ್ಕ ತಪ್ಪಿತ್ತು, ಅದನ್ನು ಹೇಳಲು ಬಂದೆ.”

ಹೇಳಿದೆ. ಸಂತೆಯ ಮುದುಕ, ಗೇಣು, ಹೊಸ ಟಿಸಿ, ಇನ್ನೂರ ನಲವತ್ತು ವೋಲ್ಟು. ಅವನು ನೆಲ ನೋಡುತ್ತ ಕೇಳುತ್ತಿದ್ದ. ಮೂವತ್ತು ಓಮ್ ಎಂದಾಗ ತಲೆ ಎತ್ತಿದ.

“ಇನ್ನೂರ ನಲವತ್ತು, ಭಾಗಿಸು ಮೂವತ್ತು,” ಎಂದುಕೊಂಡ. “ಎಂಟು.”

“ಹೌದು, ಎಂಟು.”

“ಐದರ ಪ್ಲಗ್ಗಿಗೆ ಎಂಟು ಆಂಪು.” ಅವನು ನಕ್ಕುಬಿಟ್ಟ. ಅಷ್ಟು ಹಗುರಾಗಿ ಅವನು ನಕ್ಕದ್ದನ್ನು ನಾನು ಮಸ್ಕಿಯಲ್ಲೂ ಕಂಡಿರಲಿಲ್ಲ. “ಹಂಗಾರ ಸುಡದ ಏನು ಮಾಡೀತ್ರೀ ಅದು. ಯಾರು ಹಾಕಿದ್ರೂ ಸುಡತಿತ್ತು.” ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ. “ಮಂದಿ ನಕಲಿ ಮಾಲು ಅಂದ್ರು. ಅದಕ್ಕ ನಾ ಊರು ಬಿಡಲಿಲ್ರೀ. ಮಾಲು ಅಸಲಿ ಅಂತ ನನಗ ಗೊತ್ತಿತ್ತಲ್ಲ. ಲೆಕ್ಕದಾಗ ನಾಕೂ ಚಿಲ್ಲರೆ ಬಂತು. ಮಾಲು ಅಸಲಿ, ಲೆಕ್ಕ ಸರಿ, ಆದ್ರೂ ಸುಟ್ಟೈತಿ. ಹಂಗಾರ ನಾನ ಸ್ಕ್ರೂ ಬಿಗಿ ಮಾಡಿಲ್ಲ, ನನ್ನ ಕೈಯಾಗ ಏನೋ ತಪ್ಪೈತಿ ಅನ್ಕೊಂಡೆ. ಆಮ್ಯಾಲ ಯಾರ ಮನಿಗೆ ಹೋದ್ರೂ ಒಂದು ಬೋರ್ಡು ಹಚ್ಚಿ, ಮತ್ತ ಬಿಚ್ಚಿ, ಮತ್ತ ಹಚ್ಚಿ ನೋಡಾಂವ. ರಾತ್ರಿ ನಿದ್ದಿ ಬರ್ತಿದ್ದಿಲ್ಲ, ಆ ಮನ್ಯಾಗ ಹುಡುಗ್ರು ಮಲಗಿರ್ತಾವಲ್ಲ ಅಂತ. ಬಿಟ್ಟ ಬಿಟ್ಟೆ. ಈಗ ಮನ್ಯಾಗ ಬಲ್ಬು ಹೋದ್ರ ಸುದ್ದಾ ನಮ್ಮಾಕಿನ ಹಾಕ್ತಾಳ.”

ಹದಿಮೂರು ವರ್ಷ ಮಂದಿಯ ಮಾತೇ ಅವನನ್ನು ಓಡಿಸಿತು ಎಂದುಕೊಂಡು, ಪಾಪದ ಒಂದು ಪಾಲನ್ನು ಮಂದಿಗೆ ಹಂಚಿದ್ದೆ.

ಚಹಾ ಬಂತು. ಅವನು ಉತ್ಸಾಹದಿಂದ, “ಬರ್ರಿ ಅಕ್ಕೋರೇ, ಮನಿ ಇಲ್ಲೇ ಐತಿ. ನಮ್ಮಾಕಿ ಮುಂದ ಒಂದು ಸಲ ಹೇಳ್ರಿ ಇದನ್ನ. ಆಕಿ ಬಲ್ಬು ಹಾಕುವಾಗೆಲ್ಲ ನನಗ ಚಾಷ್ಟಿ ಮಾಡಿ ನಗ್ತಾಳ. ಊಟಾನೂ ಆಗತೈತಿ” ಎಂದು ಎದ್ದ. ಎದ್ದವನು ಅಲ್ಲೇ ನಿಂತ. “ಮಂದಿ ಕಾಯಿಲ್ ಕಡಸ್ತಾರ ಅಂತ ನನಗೂ ಗೊತ್ತಿತ್ರೀ. ಸೈನ್ಸ್ ಅಕ್ಕೋರು ಕಡಸಿರ್ತಾರ ಅಂತ ಮಾತ್ರ ಮನಸಿಗೆ ಬರ್ಲಿಲ್ಲ. ನಿಮಗ ಯಾವಾಗ ಗೊತ್ತಾತ್ರೀ ಇದು?”

ಬಸ್ಸಿನಲ್ಲಿ ಬರುವಾಗ ಇದಕ್ಕೆ ಉತ್ತರ ಹೊಂದಿಸಿಕೊಂಡಿದ್ದೆ. ಶನಿವಾರ ಪ್ರಯೋಗಾಲಯದಲ್ಲಿ ಅ‌ಳೆದಾಗ ಗೊತ್ತಾಯಿತು ಎನ್ನಬೇಕೆಂದಿದ್ದೆ. ಅದು ಪೂರ್ತಿ ಸುಳ್ಳಲ್ಲ. ಅವನು ಕಾಯುತ್ತಿದ್ದ. ಆವತ್ತು ಅಂಗಳದಲ್ಲಿ ನನ್ನ ಕಡೆ ತಿರುಗಿದಾಗಿನ ಮುಖವೇ.

“ಬರೆಯುವಾಗಲೇ ಗೊತ್ತಿತ್ತು,” ಎಂದೆ.

“ಡಬ್ಬಿ ಮ್ಯಾಲ ಬರೆಯುವಾಗ?”

“ಹೌದು.”

ಅವನು ಟವೆಲ್ಲನ್ನು ಒಮ್ಮೆ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಗಿರಣಿಯೊಳಗೆ ಒಂದು ಟ್ರ್ಯಾಕ್ಟರು ಹಿಂದಕ್ಕೆ ಬರುತ್ತಿತ್ತು, ಅದರ ಕಡೆ ನೋಡುತ್ತ, “ಲೋಡು ಬಂತ್ರೀ. ಚಾ ಕುಡದು ಹೋಗ್ರಿ ಅಕ್ಕೋರೇ. ಎರಡೂವರಿಗೆ ಸಿಂಧನೂರು ಬಸ್ಸೈತಿ” ಎಂದ. ಅಂಗಡಿಯವನಿಗೆ ಚಹಾ ತನ್ನ ಹೆಸರಿಗೇ ಎಂದು ಕೈಮಾಡಿ, ಗೇಟು ದಾಟಿ ಹೋದ.

ಬಸ್ಸು ಬರಲು ಮುಕ್ಕಾಲು ಗಂಟೆಯಿತ್ತು. ಬೆಂಚಿನ ಮೇಲೆ ಕೂತೇ ಇದ್ದೆ. ಕಾಟಾದ ಹತ್ತಿರ ಅವನು ಚೀಲದ ಬಾಯಿ ಹಿಡಿದು ದಬ್ಬಣ ಎಳೆಯುತ್ತಿದ್ದುದು ಅಲ್ಲಿಂದಲೇ ಕಾಣುತ್ತಿತ್ತು. ಒಂದಾದ ಮೇಲೆ ಒಂದು ಚೀಲ. ಪ್ರತಿ ಹೊಲಿಗೆಯನ್ನೂ ಎಳೆದು, ಬೆರಳಿನಿಂದ ಒತ್ತಿ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದ. ಈ ಕಡೆ ಒಮ್ಮೆಯೂ ನೋಡಲಿಲ್ಲ. ಅಂಗಡಿಯವನು ಬಂದು, ಈ ಇನ್ನೊಂದು ಚಾ ಹಾಗೇ ಆರಿತಲ್ರೀ, ಚೆಲ್ಲಲೇನು ಎಂದು ಕೇಳಿದ. ಚೆಲ್ಲಿರಿ ಎಂದೆ.